ಚಿಪ್ಪು ಹಿಡಿದ ಕೈ

ಪ್ರೀತಿಯ ತಮ್ಮನಿಗೆ,

ಆಶೀರ್ವಾದಗಳು. ರೋಮ್‌ನಿಂದ ಬಂದ ಮೇಲೆ ಅಲ್ಲಿನ ಕಾಪಿಟೋಲ್ ಬೆಟ್ಟದ ಮೇಲಿರುವ ಮಾರ್ಫೋರಿಯೊ ಎಂಬ ಹಳೆಯ ವಿಗ್ರಹದ ಬಗ್ಗೆ ನೀನು ಬರೆದ ಪ್ರಬಂಧವನ್ನು ಎರಡು ಸಲ ಓದಿದೆ. ಭಾಷೆಯ ಬಗ್ಗೆ ನನ್ನ ತಕರಾರಿಲ್ಲ, ಅದು ನನಗಿಂತ ನಿನಗೇ ಚೆನ್ನಾಗಿ ಒಲಿದಿದೆ. ತಕರಾರು ಮೊದಲ ವಾಕ್ಯದ್ದು: ‘ಕೈಯಲ್ಲಿ ಚಿಪ್ಪು ಹಿಡಿದು ಎರಡು ಸಾವಿರ ವರ್ಷಗಳಿಂದ ಒರಗಿ ಮಲಗಿರುವ ಸಮುದ್ರದೇವ.’

ಮೈಗೆ ಅಷ್ಟು ವಯಸ್ಸಾಗಿದೆ, ಅದು 1ನೇ ಶತಮಾನದ ಅಮೃತಶಿಲೆ. ಚಿಪ್ಪಿಗೆ ಆಗಿಲ್ಲ. ಮುರುಕಾಗಿದ್ದ ಆ ವಿಗ್ರಹವನ್ನು ರುಜ್ಜೇರೊ ಬಸ್ಕಾಪೆ ಎಂಬ ಶಿಲ್ಪಿ 1594ರಲ್ಲಿ ಸರಿಪಡಿಸಿದಾಗ ಬಂದದ್ದು ಅದು. ಅದಕ್ಕೂ ಮುಂಚೆ ಅಲ್ಲಿದ್ದವನು ಗಡ್ಡ ಬಿಟ್ಟುಕೊಂಡು ಒರಗಿದ ಒಬ್ಬ ದೈತ್ಯ ಮುದುಕ, ಅಷ್ಟೆ. ರೋಮನ್ ಶಿಲ್ಪಿಗಳು ನದಿಗಳನ್ನು ಕಡೆಯುತ್ತಿದ್ದದ್ದೂ ಹೀಗೆಯೇ ಒರಗಿಸಿ. ಆದ್ದರಿಂದ ಕೆಲವರು ಅವನನ್ನು ನದಿ ಎಂದರು, ಕೆಲವರು ಕಡಲ ದೇವ ನೆಪ್ಚೂನ್ ಎಂದರು, ಇನ್ನು ಕೆಲವರು ಓಷಿಯಾನಸ್ ಎಂದರು. ಬಸ್ಕಾಪೆ ಕೈಗೊಂದು ಚಿಪ್ಪು ಕೊಟ್ಟು ಅವನನ್ನು ಕಡಲಿನ ಪಾಲಿಗೆ ಬರೆದುಬಿಟ್ಟ.

ನಾನೂ ಇದೇ ಹಳ್ಳಕ್ಕೆ ಬಿದ್ದವನು. ನನ್ನ ಮೊದಲ ಪ್ರವಾಸ ಲೇಖನದಲ್ಲಿ ಒಂದು ರೋಮನ್ ವಿಗ್ರಹದ ಬೆರಳುಗಳನ್ನು ಅರ್ಧ ಪುಟ ಹೊಗಳಿದ್ದೆ. ಪ್ರಾಚೀನರ ಕೈಚಳಕ ಏನು, ನರಗಳ ನವಿರು ಏನು! ಅಚ್ಚಾದ ವಾರದಲ್ಲೇ ಒಬ್ಬ ಓದುಗರ ಕಾರ್ಡು ಬಂತು. ಆ ಬೆರಳುಗಳು ಮುನ್ನೂರು ವರ್ಷಗಳಷ್ಟೂ ಹಳೆಯವಲ್ಲ ಎಂದು ತುಂಬ ಮರ್ಯಾದೆಯಿಂದ ತಿಳಿಸಿದ್ದರು. ಬೈದಿದ್ದರೆ ವಾಸಿಯಿತ್ತು. ಅಂದಿನಿಂದ ಯಾವ ಹಳೆಯ ಕಲ್ಲಿನ ಮುಂದೆ ನಿಂತರೂ ಮೊದಲು ಹುಡುಕುವುದು ತೇಪೆಯ ಗೆರೆಯನ್ನು. ಅಮೃತಶಿಲೆಯ ಬಣ್ಣ ಎಲ್ಲಿ ತುಸು ಬದಲಾಗಿದೆ, ಎಲ್ಲಿ ಸವೆತ ಇದ್ದಕ್ಕಿದ್ದಂತೆ ನಿಂತುಬಿಟ್ಟಿದೆ ಎಂದು ನೋಡುತ್ತೇನೆ. ಕಥೆ ಹುಟ್ಟುವ ಜಾಗ ಆ ಗೆರೆ. ನೀನು ಅದರ ಮೇಲೆ ವಿಶೇಷಣಗಳ ಸುಣ್ಣ ಬಳಿದಿದ್ದೀಯ.

ಕಾಪಿಟೋಲ್ ಬೆಟ್ಟದ ಆ ಚೌಕದಲ್ಲೇ ಇದಕ್ಕಿಂತ ದೊಡ್ಡ ತಮಾಷೆಯೊಂದಿದೆ. ಸೆನೆಟರ ಅರಮನೆಯ ಮೆಟ್ಟಿಲ ಬದಿಯಲ್ಲಿ ಎರಡು ನದಿದೇವರು ಒರಗಿದ್ದಾರಲ್ಲ, ಒಬ್ಬ ನೈಲ್, ಇನ್ನೊಬ್ಬ ಟೈಬರ್. ಈ ಟೈಬರ್ ಮೊದಲು ಟೈಗ್ರಿಸ್ ಆಗಿದ್ದವನು! ಪಕ್ಕದಲ್ಲಿ ಹುಲಿಯಿತ್ತು. ಹುಲಿ ಹೋಗಿ, ರೋಮ್ ಕಟ್ಟಿದರೆನ್ನುವ ಅವಳಿ ಶಿಶುಗಳ ಜೊತೆ ಅವರನ್ನು ಸಾಕಿದ ತೋಳ ಬಂತು, ಮೆಸಪೊಟೇಮಿಯದ ನದಿ ರೋಮ್‌ನ ಊರಹೊಳೆಯಾಯಿತು. ನೀನು ಆ ಮೆಟ್ಟಿಲನ್ನು ಏರಿ ಇಳಿದು ಬಂದವನು, ಒಂದು ಸಾಲೂ ಬರೆದಿಲ್ಲ.

ಎರಡನೆಯ ಪುಟದಲ್ಲಿ ಮಾರ್ಫೋರಿಯೊನನ್ನು ‘ರೋಮನ್ನರ ವರುಣ’ ಎಂದು ಕರೆದಿದ್ದೀಯ. ಹೊಡೆದುಹಾಕು. ವರುಣನೆಂದ ಕೂಡಲೇ ಕನ್ನಡದ ಓದುಗನ ಕಣ್ಣಿಗೆ ಪಾಶ, ಮಕರ, ಪಶ್ಚಿಮ ದಿಕ್ಕು ಎಲ್ಲವೂ ಬಂದುಬಿಡುತ್ತವೆ, ಮಳೆ ಬೇಡುವ ಪೂಜೆಯೂ ಬರುತ್ತದೆ. ಓಷಿಯಾನಸ್‌ಗೆ ಇವು ಯಾವುವೂ ಇಲ್ಲ. ಹಳೆಯ ಗ್ರೀಕರ ಕಲ್ಪನೆಯಲ್ಲಿ ಅವನು ಭೂಮಿಯನ್ನು ಸುತ್ತಿ ಹರಿಯುವ ಮಹಾನದಿ, ಲೋಕದ ನದಿಗಳಿಗೆಲ್ಲ ತಂದೆ. ಕಡಲೆಂಬ ಅರ್ಥ ಬಲವಾದದ್ದು ಆಮೇಲೆ. ನದಿಯೋ ಕಡಲೋ ಎಂದು ಜನ ಗೊಂದಲಕ್ಕೆ ಬಿದ್ದದ್ದರಲ್ಲಿ ಅಷ್ಟು ದಡ್ಡತನವಿರಲಿಲ್ಲ, ದೇವರೇ ಹಾಗಿದ್ದ. ಇಂಥ ಚೆಂದದ ಗೊಂದಲವನ್ನು ‘ವರುಣ’ ಎಂಬ ಮೂರಕ್ಷರದಲ್ಲಿ ಕಳೆದುಕೊಂಡೆಯಲ್ಲ ಎಂದು ನನಗೆ ಬೇಸರ.

ಹೆಸರಿನ ಕಥೆಯೂ ಇಂಥದ್ದೇ. ‘ಮಾರೆ ಇನ್ ಫೋರೊ’, ಅಂದರೆ ಫೋರಮ್ಮಿನ (ಹಳೆಯ ರೋಮ್‌ನ ಊರಚೌಕದ) ಕಡಲು, ಎಂಬುದರಿಂದ ಮಾರ್ಫೋರಿಯೊ ಬಂತೆಂದು ಕೆಲವರು. ಮಾರ್ಸ್ ದೇವನ ಫೋರಮ್ಮಿನಿಂದ ಎಂದು ಕೆಲವರು. ನೀನು ಮೊದಲನೆಯದನ್ನು ಮಾತ್ರ ಹೇಳಿ ಮುಂದೆ ಓಡಿದ್ದೀಯ, ಅದು ಚಿಪ್ಪಿಗೆ ಹೊಂದುತ್ತದೆಂದು. ಎರಡನ್ನೂ ಇಡು. ಓದುಗ ಕಷ್ಟಪಡಲಿ.

ಪಾಸ್ಕ್ವಿನೊ ಎಂಬ ಇನ್ನೊಂದು ವಿಗ್ರಹದ ಭಾಗ ಇಡೀ ಪ್ರಬಂಧದಲ್ಲಿ ನನಗೆ ಇಷ್ಟವಾದದ್ದು. 1501ರಲ್ಲಿ ಕಾರ್ಡಿನಲ್ ಕರಾಫಾ ನವೋನಾ ಚೌಕದ ಬಳಿ ನಿಲ್ಲಿಸಿದ ಆ ಕೈಕಾಲಿಲ್ಲದ ಕಲ್ಲಿಗೆ ಜನ ರಾತ್ರೋರಾತ್ರಿ ಚೀಟಿ ಅಂಟಿಸಿ ಪೋಪರನ್ನೂ ಶ್ರೀಮಂತರನ್ನೂ ಗೇಲಿ ಮಾಡುತ್ತಿದ್ದದ್ದು, ಅದಕ್ಕೆ ಜೊತೆಗಾರನಾಗಿ ಮಾರ್ಫೋರಿಯೊ ಮಾತಿಗಿಳಿದದ್ದು, ಎಲ್ಲ ಸೊಗಸಾಗಿ ಬಂದಿದೆ. ಆದರೆ ಆ ನೆಪೋಲಿಯನ್ ಚಟಾಕಿಯನ್ನು ಆರು ಸಾಲು ವಿವರಿಸಿ ಕೊಂದಿದ್ದೀಯ. ‘ಫ್ರೆಂಚರೆಲ್ಲ ಕಳ್ಳರಂತೆ, ನಿಜವೇ?’ ಎಂದು ಮಾರ್ಫೋರಿಯೊ ಕೇಳಿದ. ‘ಎಲ್ಲರೂ ಅಲ್ಲ, ಬುವೊನಾ ಪಾರ್ತೆ’ ಎಂದು ಪಾಸ್ಕ್ವಿನೊ. ಕೇಳಲು ಅದು ನೆಪೋಲಿಯನ್ನನ ಮನೆತನದ ಹೆಸರು ಬೊನಾಪಾರ್ತೆ, ಇಟಾಲಿಯನ್ನಿನಲ್ಲಿ ‘ಬಹುಪಾಲು’ ಎಂದೂ ಆಗುತ್ತದೆ. ಇಷ್ಟು ಸಾಕು. ಶ್ಲೇಷೆ ಕನ್ನಡಕ್ಕೆ ದಾಟಿ ಬರುವುದಿಲ್ಲ. ದಡದಲ್ಲೇ ನಿಲ್ಲಿಸಿ ತೋರಿಸು. ಪ್ರಶ್ನೆ ಕೇಳುವ ಪಾತ್ರ ಜನರ ಬಾಯಲ್ಲಿ ಯಾರಿಗೆ ಸಿಕ್ಕಿತು ನೋಡು: ತಾನು ಯಾರೆಂದು ತನಗೇ ಖಚಿತವಿಲ್ಲದವನಿಗೆ.

ಇನ್ನೊಂದು ವಿಷಯ ನಿನ್ನ ಕಣ್ಣು ತಪ್ಪಿಸಿಕೊಂಡಿದೆ. ಫೋರಮ್ಮಿನಲ್ಲಿ ಮಾರ್ಫೋರಿಯೊ ಜೊತೆ ಒಂದು ದೊಡ್ಡ ಗ್ರಾನೈಟ್ ತೊಟ್ಟಿಯೂ ಇತ್ತು. 1588ರಲ್ಲಿ ವಿಗ್ರಹವನ್ನು ಸಾಗಿಸಿದರು, ನಾಲ್ಕು ವರ್ಷ ಬಿಟ್ಟು ಅದು ಬೆಟ್ಟ ಹತ್ತಿತು. ತೊಟ್ಟಿ ಕೆಳಗೇ ಉಳಿಯಿತು. ಫೋರಮ್ಮೆಂದರೆ ಆಗ ದನದ ಸಂತೆ. ದೇವರ ತೊಟ್ಟಿಯಲ್ಲಿ ದನ ನೀರು ಕುಡಿದವು. 1818ರಲ್ಲಿ ಅದನ್ನು ಕ್ವಿರಿನಾಲೆ ಬೆಟ್ಟದ ಕುದುರೆಗಳ ಕಾರಂಜಿಗೆ ಒಯ್ದರು. ಪ್ರಬಂಧದ ಜೊತೆ ನೀನು ಕಳಿಸಿದ ಮೂರನೆಯ ಫೋಟೊ ತೆಗೆದು ನೋಡು. ಟೊಪ್ಪಿ ಹಾಕಿಕೊಂಡು ನೀನು ಒರಗಿ ನಿಂತಿರುವುದು ಅದಕ್ಕೇ.

ತಿದ್ದಿದ ಪ್ರತಿ ದೀಪಾವಳಿಯ ಒಳಗೆ ಬರಲಿ.

ನಿನ್ನ,
ಅಣ್ಣ