ವೀಲ್ ಬೇರಿಂಗ್ ಸದ್ದು: ಬಿಚ್ಚೋ ಮುಂಚೆ ಓದಿ

ಹಳೇ ಕಾರು ತಗೊಂಡವರ ಗಮನಕ್ಕೆ. 'ಗುಂಯ್' ಸದ್ದು ಬಂದ ತಕ್ಷಣ ಟೈರ್ ಬದಲಿಸಿ ದುಡ್ಡು ಕಳೀಬೇಡಿ. ರಸ್ತೆ ಬದಲಾದಂತೆ ಸದ್ದೂ ಬದಲಾದರೆ ಹೆಚ್ಚಾಗಿ ಟೈರ್. ವೇಗದ ಜೊತೆ ಏರಿ, ತಿರುವಿನಲ್ಲಿ ಹೆಚ್ಚುಕಮ್ಮಿಯಾದರೆ ಬೇರಿಂಗ್, ಅಂದರೆ ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಇರೋ ಗುಂಡುಗಳ ಬಳೆ. ಹಾಸನ–ಸಕಲೇಶಪುರ ದಾರಿಯ ಉದ್ದನೆ ತಿರುವಲ್ಲಿ ನೋಡಿ: ಬಲಕ್ಕೆ ತಿರುಗುವಾಗ ಜೋರಾದರೆ, ಭಾರ ಬೀಳೋ ಎಡ ಚಕ್ರದ ಮೇಲೆ ಅನುಮಾನ.

ಆಮೇಲೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಇನ್ನೊಬ್ಬರು ಬ್ರೇಕ್ ತುಳಿದಾಗ ಆಟ (ಸಡಿಲ ಅಲುಗಾಟ) ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ (ಸಸ್ಪೆನ್ಷನ್‌ನ ಗುಂಡು ಕೀಲು) ನೋಡಿ. ಆಟ ಇಲ್ಲ ಅಂತ ಬಿಡಬೇಡಿ: ಆ ಚಕ್ರದ ಸಸ್ಪೆನ್ಷನ್ ಕಾಯಿಲ್ ಸ್ಪ್ರಿಂಗ್ ಮೇಲೆ ಬೆರಳಿಟ್ಟು ಚಕ್ರ ತಿರುಗಿಸಿ, ಗರಗರ ಅಂದರೆ ಸವೆದಿದೆ.

ಮುಂಚಕ್ರದ ಒತ್ತಿ ಕೂರಿಸೋ ಬೇರಿಂಗ್‌ಗೆ ಸುತ್ತಿಗೆ ಬೇಡವೇ ಬೇಡ, ಪ್ರೆಸ್ ಇರೋ ಗ್ಯಾರೇಜಿಗೇ ಕೊಡಿ. ನಕಲ್‌ಗೆ (ಬೇರಿಂಗ್ ಕೂರೋ ಲೋಹದ ತುಂಡು) ಕೂರಿಸುವಾಗ ಹೊರ ರೇಸ್ (ಬೇರಿಂಗ್‌ನ ಹೊರ ಬಳೆ) ಮೇಲೆ ಮಾತ್ರ ಒತ್ತಬೇಕು. ಹಬ್ (ಚಕ್ರ ಬೋಲ್ಟ್ ಆಗೋ ಭಾಗ) ಬೇರಿಂಗ್ ಒಳಗೆ ಒತ್ತಿ ಕೂರಿಸುವಾಗ ಒಳ ರೇಸ್‌ಗೆ ಆಧಾರ ಕೊಡಬೇಕು. ಇದು ತಪ್ಪಿದರೆ ಗುಂಡುಗಳು ರೇಸ್‌ನಲ್ಲಿ ಗುಳಿ ಮಾಡಿ, ಹೊಸ ಬೇರಿಂಗೂ ಬೇಗ ಕೂಗುತ್ತೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ಇದ್ದು, ಬೇರಿಂಗ್‌ನ ಒಂದು ಬದಿಯಲ್ಲಿ ಮ್ಯಾಗ್ನೆಟ್ ಸೀಲ್ ಇದ್ದರೆ, ಆ ಬದಿ ಚಕ್ರದ ವೇಗ ಅಳೆಯೋ ಸೆನ್ಸರ್ ಕಡೆಗೇ ಇರಲಿ. ಸರ್ಕ್ಲಿಪ್ (ಬೇರಿಂಗ್ ಜಾರದಂತೆ ಹಿಡಿಯೋ ಸ್ಪ್ರಿಂಗ್ ಬಳೆ), ಆಕ್ಸಲ್ ನಟ್ ಹೊಸದು ಹಾಕಿಸಿ, ನಟ್ ಬಿಗಿಯನ್ನು ಆಯಾ ಗಾಡಿಯ ಮ್ಯಾನ್ಯುಯಲ್ ಅಳತೆಗೆ ಟಾರ್ಕ್ ರೆಂಚಲ್ಲೇ ಮಾಡಿಸಿ.