ಅವಳು ಯಾರು ಅಂತ ನಾನು ಕೇಳುವುದಿಲ್ಲ, ಮಗಳೇ

ಪ್ರೀತಿಯ ಮಗಳೇ,

"ಹಾಸ್ಟೆಲಿನಲ್ಲಿ ಒಬ್ಬಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ, ಅವಳು ಈಗ ಏನು ಮಾಡಬೇಕಮ್ಮಾ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಉತ್ತರ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅವಳು ಯಾರು ಅಂತ ನಾನು ಕೇಳುವುದಿಲ್ಲ. ನಿನ್ನ ರೂಮ್‌ಮೇಟ್ ಇರಬಹುದು, ಮುಖಪರಿಚಯವಷ್ಟೇ ಇರುವ ಜೂನಿಯರ್ ಇರಬಹುದು, ನೀನೇ ಇರಬಹುದು. ಯಾರಾದರೂ ನಾನು ಹೇಳುವ ಮಾತು ಒಂದೇ. ಓದಿ ಅವಳಿಗೂ ತೋರಿಸು.

ಎಲ್ಲಕ್ಕಿಂತ ಮೊದಲು, ತಪ್ಪು ಅವಳದಲ್ಲ. ಯಾಕೆ ಹೋದೆ, ಯಾಕೆ ಕುಡಿದೆ, ಯಾಕೆ ಅಷ್ಟು ಹೊತ್ತು ಮಾಡಿದೆ ಅಂತ ಕೇಳುವವರು ಸಿಗುತ್ತಾರೆ. "ಕೂಗಬಹುದಿತ್ತಲ್ಲ" ಅನ್ನುವವರೂ ಸಿಗುತ್ತಾರೆ. ಎಷ್ಟೋ ಜನಕ್ಕೆ ಆ ಗಳಿಗೆಯಲ್ಲಿ ಮೈ ಮರಗಟ್ಟಿಬಿಡುತ್ತದೆ, ಗಂಟಲಿಂದ ದನಿಯೇ ಹೊರಡುವುದಿಲ್ಲ. ಹೆದರಿದ ಮೈ ಮಾಡುವ ಕೆಲಸ ಅದು, ಒಪ್ಪಿಗೆ ಅಲ್ಲ. ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. ಮೈಮೇಲೆ ಗಾಯವಿಲ್ಲ, ತಡೆಯಲಿಲ್ಲ ಅಂದ ಮಾತ್ರಕ್ಕೆ ಒಪ್ಪಿದ್ದಳು ಅಂತ ಆಗುವುದಿಲ್ಲ. ಮಾಡಿದವನು ಕ್ಲಾಸ್‌ಮೇಟ್ ಆಗಿದ್ದರೂ, ಜೊತೆಗೆ ಓಡಾಡಿದ ಹುಡುಗನೇ ಆಗಿದ್ದರೂ, ಮೇಷ್ಟ್ರಾಗಿದ್ದರೂ ಅಷ್ಟೇ.

ಎರಡನೆಯದು, ಚಿಕಿತ್ಸೆ ಬೇರೆ, ಕಾಲೇಜಿನ ದೂರು ಬೇರೆ, ಪೊಲೀಸ್ ಕೇಸು ಬೇರೆ. ಒಂದಕ್ಕೆ ಕೈ ಹಾಕಿದರೆ ಮಿಕ್ಕವೂ ತಲೆಮೇಲೆ ಬಂದು ಬೀಳುತ್ತವೆ ಅಂತ ಹೆದರಿ ಹುಡುಗಿಯರು ಆಸ್ಪತ್ರೆಗೂ ಬರುವುದಿಲ್ಲ. ನನಗೆ ತುಂಬಾ ಸಂಕಟ ಕೊಡುವ ವಿಷಯ ಇದು. ಯಾಕೆಂದರೆ ದೂರಿಗೆ ಕಾಲ ಇರುತ್ತದೆ, ಔಷಧಿಗೆ ಅಷ್ಟು ಕಾಲ ಇರುವುದಿಲ್ಲ.

ಎಚ್‌ಐವಿ ತಗುಲದಂತೆ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಆಮೇಲೆ 28 ದಿನ ಬಿಡದೆ ನುಂಗಬೇಕು. ಗರ್ಭ ನಿಲ್ಲದಂತೆ ಕೊಡುವ ಮಾತ್ರೆಗೂ ಮೊದಲ ಮೂರು ದಿನವೇ ಮುಖ್ಯ. ಐದು ದಿನದವರೆಗೂ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಕಾಯಬಾರದು. ಮೈಮೇಲಿನ ಸಾಕ್ಷ್ಯ ಸುಮಾರು 96 ಗಂಟೆಯವರೆಗೆ ಸಿಗಬಹುದು. ಸ್ನಾನ ಮಾಡದೆ, ಬಟ್ಟೆ ಒಗೆಯದೆ ಬಂದರೆ ಒಳ್ಳೆಯದು. ಸ್ನಾನ ಮಾಡಿಬಿಟ್ಟಿದ್ದಾಳೆ ಅಂದರೆ "ಮುಗೀತು" ಅಂದುಕೊಳ್ಳಬೇಡಿ, ಆಗಲೂ ಬನ್ನಿ. ವಾರ ಕಳೆದಿದ್ದರೂ ಬನ್ನಿ, ಮಿಕ್ಕ ಚಿಕಿತ್ಸೆಗೆ ಗಡುವು ಇಲ್ಲ.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ ಅಂತ ಗೊತ್ತಿಲ್ಲದೆಯೇ ಹೆದರುತ್ತಾರೆ. ಅದಕ್ಕೆ ಬಿಡಿಸಿ ಹೇಳುತ್ತೇನೆ, ಇದು ನಾನು ಕೈಯಾರೆ ಮಾಡುವ ಕೆಲಸ. ಬಾಗಿಲು ಹಾಕಿದ ಕೋಣೆಯಲ್ಲಿ ಮೊದಲು ಕೂರಿಸಿ, ಏನೇನು ಮಾಡುತ್ತೇವೆ ಅಂತ ಒಂದೊಂದಾಗಿ ಹೇಳಿ, ಒಪ್ಪಿಗೆ ಕೇಳುತ್ತೇವೆ. ಆಮೇಲೆ ನೆಲದ ಮೇಲೆ ಒಂದು ದೊಡ್ಡ ಹಾಳೆ, ಅದರ ಮೇಲೆ ಇನ್ನೊಂದು ಹಾಸುತ್ತೇವೆ. ಅವಳು ಅದರ ಮೇಲೆ ನಿಂತು ಬಟ್ಟೆ ಬದಲಿಸುತ್ತಾಳೆ. ಉದುರಿದ ಒಂದು ಕೂದಲೆಳೆ, ಒಂದು ಹುಲ್ಲಿನ ಚೂರೂ ಮೇಲಿನ ಹಾಳೆಯಲ್ಲೇ ಉಳಿಯಲಿ ಅಂತ. ಬಟ್ಟೆ ಒದ್ದೆಯಿದ್ದರೆ ನೆರಳಿನಲ್ಲಿ ಆರಿಸಿ ಪೇಪರ್ ಕವರಿಗೆ ಹಾಕುತ್ತೇವೆ. ಪ್ಲಾಸ್ಟಿಕ್ ಕವರಿನಲ್ಲಿ ತೇವ ನಿಂತು ಬೂಷ್ಟು ಬರುತ್ತದೆ, ಇದನ್ನು ನೀವೂ ನೆನಪಿಟ್ಟುಕೊಳ್ಳಿ. ಸಾಕು ಅನಿಸಿದರೆ ಅವಳು ಯಾವ ಹಂತದಲ್ಲಾದರೂ ಸಾಕು ಅನ್ನಬಹುದು. ಪರೀಕ್ಷೆಯೇ ಬೇಡ, ಔಷಧಿ ಮಾತ್ರ ಕೊಡಿ ಅಂದರೂ ಕೊಡಬೇಕು.

ಹೆಣ್ಣು ಡಾಕ್ಟರ್ ಇದ್ದರೆ ಅವರೇ ನೋಡುವುದು ಒಳ್ಳೆಯದು. ಇಲ್ಲದಿದ್ದರೆ ಇನ್ನೊಬ್ಬ ಹೆಂಗಸು ಕೋಣೆಯಲ್ಲಿ ಇರಲೇಬೇಕು. ಹುಡುಗಿಗೆ ಮೊದಲೇ ಲೈಂಗಿಕ ಸಂಬಂಧ ಇತ್ತಾ ಅಂತ ಬೆರಳು ಹಾಕಿ ನೋಡುವ, ಎರಡು ಬೆರಳಿನ ಪರೀಕ್ಷೆ ಅಂತ ಒಂದು ಹಳೇ ಅನಿಷ್ಟ ಇತ್ತು. ಅದನ್ನು ಆರೋಗ್ಯ ಇಲಾಖೆ 2014ರಲ್ಲೇ ಬೇಡ ಅಂದಿದೆ. ಮಾಡಿದವರನ್ನು ದುರ್ನಡತೆ ಆರೋಪಕ್ಕೆ ಗುರಿಮಾಡಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾರಾದರೂ ಅದಕ್ಕೆ ಕೈ ಹಾಕಿದರೆ ಅವಳು ಎದ್ದು ಬರಬಹುದು.

ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿಯಾಗಲಿ, ಇಂಥ ಚಿಕಿತ್ಸೆಗೆ ಒಂದು ರೂಪಾಯಿ ಕೇಳುವ ಹಾಗಿಲ್ಲ. ಮೊದಲು ಪೊಲೀಸ್ ಕಾಗದ ತನ್ನಿ ಅನ್ನುವ ಹಾಗೂ ಇಲ್ಲ. ಚಿಕಿತ್ಸೆ ಕೊಡದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲಿದೆ. ಒಂದು ಮಾತು ಮುಚ್ಚಿಡದೆ ಹೇಳಬೇಕು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕು ಅಂತ ಕಾನೂನಿದೆ, ತಿಳಿಸುತ್ತಾರೆ. ಆದರೆ ತನಗೆ ಈಗ ಕೇಸು ಬೇಡ ಅಂತ ಅವಳು ಹೇಳಬಹುದು. ಡಾಕ್ಟರ್ ಅದನ್ನು ಹಾಗೇ ಬರೆದುಕೊಳ್ಳಬೇಕು.

ಇನ್ನು ಕಾಲೇಜು. ನೀವೆಲ್ಲ ಐಸಿಸಿ ಅನ್ನುತ್ತೀರಲ್ಲ, ಆ ಆಂತರಿಕ ದೂರು ಸಮಿತಿ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪಿನಿಂದ ಶುರುವಾಗಿ, 2013ರಲ್ಲಿ ಕಾನೂನಾಗಿ, ಆಮೇಲೆ ಕಾಲೇಜುಗಳಿಗೆಂದೇ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2015ರ ನಿಯಮ ಬಂತು. ಸಮಿತಿಗೆ ಹೆಂಗಸೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರು, ಹೊರಗಿನವರು ಒಬ್ಬರು. ವಿದ್ಯಾರ್ಥಿಗಳ ವಿಷಯವಾದರೆ ಮೂವರು ವಿದ್ಯಾರ್ಥಿಗಳೂ ಇರಬೇಕು. ಡೀನ್, ಎಚ್‌ಒಡಿ, ರಿಜಿಸ್ಟ್ರಾರ್ ಅದರಲ್ಲಿ ಇರುವ ಹಾಗಿಲ್ಲ. ಈ ಒಂದು ನಿಯಮ ನನಗೆ ತುಂಬಾ ಇಷ್ಟ. ಅಧಿಕಾರದ ಕುರ್ಚಿಯಲ್ಲಿ ಕೂತವರ ಕಣ್ಣೆದುರು ಹುಡುಗಿ ಬಾಯಿ ಬಿಡುವುದು ಎಷ್ಟು ಕಷ್ಟ ಅಂತ ಬಲ್ಲವರೇ ಇದನ್ನು ಬರೆದಿರಬೇಕು.

ಘಟನೆ ಕ್ಯಾಂಪಸ್ಸಿನ ಗೇಟಿನ ಒಳಗೇ ನಡೆದಿರಬೇಕು ಅಂತಿಲ್ಲ. ಕಾಲೇಜ್ ಬಸ್ಸು, ಟ್ರಿಪ್ಪು, ಇಂಟರ್ನ್‌ಶಿಪ್, ಫೆಸ್ಟ್‌ಗೆ ಹೋದ ಜಾಗ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ದೂರನ್ನು ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಡವಾಗಲು ಕಾರಣವಿದ್ದರೆ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಆಗದಿದ್ದರೆ ಸಮಿತಿಯವರೇ ನೆರವಾಗಬೇಕು. ಅವಳ ಮನಸ್ಸು, ಮೈ ಆ ಸ್ಥಿತಿಯಲ್ಲಿ ಇಲ್ಲದಿದ್ದರೆ ಗೆಳತಿ, ಮನೆಯವರು ಕೂಡ ಅವಳ ಪರವಾಗಿ ಕೊಡಬಹುದು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ತೀರ್ಮಾನ ಸರಿಯಿಲ್ಲ ಅನಿಸಿದರೆ 30 ದಿನದೊಳಗೆ ಮೇಲ್ಮನವಿ ಇದೆ.

ಅಷ್ಟು ದಿನ ಅವನ ಜೊತೆ ಅದೇ ಕ್ಲಾಸಿನಲ್ಲಿ ಹೇಗೆ ಕೂರುವುದು ಅಂತ ಅವಳು ಕೇಳುತ್ತಾಳೆ ನೋಡು. ಅದಕ್ಕೂ ದಾರಿ ಇದೆ, ಆದರೆ ಬಾಯಿಬಿಟ್ಟು ಕೇಳಬೇಕು. ದೂರಿನ ಜೊತೆಗೇ ಬರೆದು ಕೊಡಲಿ. ವಿಚಾರಣೆ ಮುಗಿಯುವವರೆಗೆ ಅವನು ದೂರ ಇರಬೇಕು ಅಂತ ತಾಕೀತು ಮಾಡಿಸಬಹುದು, ಸೆಕ್ಷನ್ ಬದಲಾಯಿಸಬಹುದು. ಮಾಡಿದವನು ಪಾಠ ಹೇಳುವವನಾದರೆ ಅವಳ ಪೇಪರ್ ಅವನ ಕೈಗೆ ಹೋಗದಂತೆ ಮಾಡಬಹುದು. ಅವಳಿಗೆ ಮೂರು ತಿಂಗಳವರೆಗೆ ರಜೆಯೂ ಸಿಗುತ್ತದೆ.

"ಇಬ್ಬರೂ ಕೂತು ಮಾತಾಡಿ ಮುಗಿಸಿಕೊಳ್ಳಿ, ಅವನ ಭವಿಷ್ಯ ನೋಡಿ" ಅಂತ ಯಾರಾದರೂ ಹೇಳಬಹುದು. ಒಪ್ಪಬೇಕಾಗಿಲ್ಲ. ರಾಜಿ ಅನ್ನುವುದು ಅವಳಾಗಿ ಕೇಳಿದರೆ ಮಾತ್ರ, ದುಡ್ಡಿನ ರಾಜಿಯಂತೂ ಇಲ್ಲವೇ ಇಲ್ಲ. ಅತ್ಯಾಚಾರದಂಥ ಅಪರಾಧದಲ್ಲಿ ಕಾಲೇಜು ರಾಜಿ ಪಂಚಾಯಿತಿ ಮಾಡುವ ಪ್ರಶ್ನೆಯೇ ಬರುವುದಿಲ್ಲ. ಸಮಿತಿ ಅವನನ್ನು ಹಾಸ್ಟೆಲಿನಿಂದ, ಕಾಲೇಜಿನಿಂದ ಹೊರಗೆ ಹಾಕಲು ಶಿಫಾರಸು ಮಾಡಬಹುದು, ಜೈಲಿಗೆ ಕಳಿಸಲಾರದು. ಅವಳು ಪೊಲೀಸರ ಹತ್ತಿರ ಹೋಗುತ್ತೇನೆ ಅಂದರೆ ಕಾಲೇಜು ಅಡ್ಡ ಬರಬಾರದು, ನೆರವಾಗಬೇಕು. ದೂರು ಸಾಬೀತಾಗದಿದ್ದರೆ "ಸುಳ್ಳು ಹೇಳಿದೆ" ಅಂತ ಶಿಕ್ಷೆ ಕೊಡುತ್ತಾರಾ ಅನ್ನುವ ಭಯವೂ ಇರುತ್ತದೆ. ಸಾಬೀತಾಗಲಿಲ್ಲ ಅನ್ನುವುದೊಂದೇ ಕಾರಣಕ್ಕೆ ಶಿಕ್ಷಿಸುವ ಹಾಗಿಲ್ಲ. ಹುಡುಗರಿಗೆ ಹೀಗಾದರೂ ಯುಜಿಸಿ ನಿಯಮ ಅವರನ್ನು ಬಿಟ್ಟಿಲ್ಲ, ನಿನ್ನ ಗೆಳೆಯರಿಗೂ ಹೇಳಿರು.

ಪೊಲೀಸ್ ಸ್ಟೇಷನ್ ವಿಷಯ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಯಾವ ಠಾಣೆಗೆ ಹೋದರೂ ಎಫ್‌ಐಆರ್ ಬರೆದುಕೊಳ್ಳಬೇಕು, ನಮ್ಮ ವ್ಯಾಪ್ತಿ ಅಲ್ಲ ಅನ್ನುವಂತಿಲ್ಲ. ಇದಕ್ಕೇ ಜೀರೋ ಎಫ್‌ಐಆರ್ ಅನ್ನುವುದು. ಅವಳ ಮಾತನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಅತ್ಯಾಚಾರದ ಹೇಳಿಕೆಯನ್ನು ಅವಳ ಮನೆಯಲ್ಲೋ ಅವಳು ಹೇಳಿದ ಜಾಗದಲ್ಲೋ, ಅವಳ ಹತ್ತಿರದವರು ಇರುವಾಗ ತೆಗೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ, ಇಸಿದುಕೊಂಡೇ ಬರಬೇಕು. ಬರೆದುಕೊಳ್ಳಲ್ಲ ಅಂದರೆ ಆ ಅಧಿಕಾರಿಯೇ ಅಪರಾಧಿಯಾಗುತ್ತಾರೆ. ಎಸ್‌ಪಿಗೆ ಬರೆದು ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ. ಅವಳ ಹೆಸರು, ಗುರುತು ಬಯಲು ಮಾಡುವುದು ಶಿಕ್ಷೆಯಾಗುವ ಅಪರಾಧ. ಕ್ಲಾಸ್ ಗ್ರೂಪಿನಲ್ಲಿ ಹಾಕಿದರೂ ಅಷ್ಟೇ. ಅತ್ಯಾಚಾರದ ದೂರಿಗೆ ಇಷ್ಟು ವರ್ಷದೊಳಗೆ ಅಂತ ಗಡುವಿಲ್ಲ. ತಡವಾಯಿತು ಅಂದ ಮಾತ್ರಕ್ಕೆ ಕೇಸು ಬಿದ್ದುಹೋಗುವುದೂ ಇಲ್ಲ.

ದೂರು ಕೊಡುತ್ತಾಳೋ ಇಲ್ಲವೋ, ಮೆಸೇಜು, ಕಾಲ್ ಹಿಸ್ಟರಿ, ಫೋಟೋ ಯಾವುದನ್ನೂ ಅಳಿಸುವುದು ಬೇಡ. ನೆನಪಿದ್ದಷ್ಟನ್ನು ತಾರೀಖು ಹಾಕಿ ಬರೆದಿಡಲಿ. ನೆನಪು ಚೂರುಚೂರಾಗಿ, ಹಿಂದುಮುಂದಾಗಿ ಬಂದರೆ ಗಾಬರಿ ಬೇಡ. ಪೆಟ್ಟು ತಿಂದ ಮನಸ್ಸು ಹಾಗೇ ನೆನಪಿಡುವುದು.

ಒಂದು ವಿಷಯದಲ್ಲಿ ಮಾತ್ರ ಆಯ್ಕೆ ಇಲ್ಲ. ಅವಳಿಗೆ 18 ತುಂಬಿಲ್ಲದಿದ್ದರೆ ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಪೋಕ್ಸೋ ಕಾನೂನು ಬರುತ್ತದೆ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮೊದಲ ವರ್ಷದಲ್ಲಿ 17ರ ಮಕ್ಕಳೂ ಇರುತ್ತಾರೆ. ಹಾಗಿದ್ದರೆ ಇದನ್ನು ಅವಳಿಗೆ ಮೊದಲೇ ಹೇಳು. ಗುಟ್ಟಾಗಿಡುತ್ತೇನೆ ಅಂತ ಆಣೆ ಮಾಡಿ ಆಮೇಲೆ ಮುರಿಯಬೇಡ.

ಎಲ್ಲಿಂದ ಶುರು ಮಾಡುವುದು ಅಂತ ತೋಚದಿದ್ದರೆ 181ಕ್ಕೆ ಫೋನ್ ಮಾಡಿ, ಅದು ಮಹಿಳಾ ಸಹಾಯವಾಣಿ. ಈಗಲೇ ಅಪಾಯ ಇದೆ ಅಂದರೆ 112. ಜಿಲ್ಲೆಗಳಲ್ಲಿ ಸಖಿ ಕೇಂದ್ರಗಳಿವೆ. ಚಿಕಿತ್ಸೆಗೆ ಕರೆದೊಯ್ಯುವುದು, ಪೊಲೀಸ್, ವಕೀಲರು, ಕೌನ್ಸೆಲಿಂಗ್, ಒಂದೆರಡು ದಿನ ಉಳಿಯಲು ಜಾಗ, ಎಲ್ಲಕ್ಕೂ ಅಲ್ಲೇ ನೆರವು ಸಿಗುತ್ತದೆ. ವಕೀಲರಿಗೆ ದುಡ್ಡಿಲ್ಲ ಅನ್ನುವ ಚಿಂತೆ ಬೇಡ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ನಂಬರ್ 15100. ಪರಿಹಾರದ ಹಣಕ್ಕೂ ಅಲ್ಲೇ ಅರ್ಜಿ. ನಿದ್ದೆ ಬಾರದ ರಾತ್ರಿಗಳಿಗೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಅವಳ ಹತ್ತಿರ ಕೂತಾಗ ನೀನು ಜಾಸ್ತಿ ಮಾತಾಡಬೇಡ. "ನಂಬುತ್ತೇನೆ" ಅನ್ನು. "ಈಗ ನಿನಗೆ ಏನು ಬೇಕು?" ಅಂತ ಕೇಳು. ಪೂರ್ತಿ ಕಥೆ ಹೇಳಿಸಬೇಡ, ಅವಳನ್ನು ಕೇಳದೆ ಇನ್ನೊಬ್ಬರಿಗೆ ಹೇಳಬೇಡ. ಅವನಿಗೆ ನಾವೇ ಬುದ್ಧಿ ಕಲಿಸುತ್ತೇವೆ ಅಂತ ಹುಡುಗರ ಗುಂಪು ಕಟ್ಟಬೇಡಿ. ಅವಳ ಕೈಯಿಂದ ಒಮ್ಮೆ ಎಲ್ಲವನ್ನೂ ಕಿತ್ತುಕೊಂಡಾಗಿದೆ. ಇನ್ನು ಮುಂದಿನ ಪ್ರತಿಯೊಂದನ್ನೂ ಅವಳೇ ತೀರ್ಮಾನಿಸಲಿ, ನಿಧಾನವಾದರೂ ಪರವಾಗಿಲ್ಲ.

ಮನೆಯವರಿಗೆ ಹೇಳಲು ಹುಡುಗಿಯರು ಹೆದರುವುದು ಬೈಗುಳಕ್ಕಲ್ಲ ಕಣೇ. "ಓದಿದ್ದು ಸಾಕು, ಮನೆಗೆ ಬಾ" ಅನ್ನುತ್ತಾರೆ ಅಂತ. ತಪ್ಪು ಮಾಡಿದವನು ಪರೀಕ್ಷೆ ಬರೆಯುತ್ತಾನೆ, ಇವಳು ಪುಸ್ತಕ ಕಟ್ಟಿಡಬೇಕು. ಆಮೇಲೆ ಅವಸರದಲ್ಲಿ ಒಂದು ಮದುವೆ. ಇದು ನನಗೆ ಸಹಿಸಲಾಗದ ಅನ್ಯಾಯ. ಅದಕ್ಕೆ ಬರವಣಿಗೆಯಲ್ಲೇ ಕೊಡುತ್ತಿದ್ದೇನೆ, ಈ ಪತ್ರ ಇಟ್ಟುಕೋ. ನಿನಗೆ ಏನೇ ಆದರೂ ನಿನ್ನ ಓದು ನಿಲ್ಲುವುದಿಲ್ಲ. ಹಾಸ್ಟೆಲ್ ಬಿಡಬೇಕೋ, ಕಾಲೇಜ್ ಬದಲಿಸಬೇಕೋ, ಅಲ್ಲೇ ಇರಬೇಕೋ, ನೀನು ಹೇಳಿದಂತೆ. ಅಪ್ಪನಿಗೆ ಹೇಳುವುದು, ಅಜ್ಜಿಗೆ ಹೇಳದಿರುವುದು, ಅದೂ ನೀನು ಹೇಳಿದಂತೆ. ದೂರು ಕೊಡು ಅಂತ ಒತ್ತಾಯಿಸುವುದಿಲ್ಲ, ಬೇಡ ಅಂತಲೂ ತಡೆಯುವುದಿಲ್ಲ. ಆಸ್ಪತ್ರೆಗೆ ಮಾತ್ರ ಹೋಗು ಅಂತ ಕಾಲು ಹಿಡಿದಾದರೂ ಕೇಳುತ್ತೇನೆ. ಅವಳ ಮನೆಯವರ ಜೊತೆ ಮಾತಾಡಬೇಕು ಅಂತ ಅವಳಿಗೆ ಅನಿಸಿದರೆ ನಾನು ಮಾತಾಡುತ್ತೇನೆ.

ಡ್ಯೂಟಿಯಲ್ಲಿದ್ದಾಗ ನನ್ನ ಮೊಬೈಲ್ ಲಾಕರಿನಲ್ಲಿರುತ್ತದೆ, ನಿನಗೆ ಗೊತ್ತು. ಎತ್ತಲಿಲ್ಲ ಅಂತ ಸುಮ್ನೆ ಇದ್ದುಬಿಡಬೇಡ. ವಾರ್ಡಿನ ಲ್ಯಾಂಡ್‌ಲೈನಿಗೆ ಮಾಡು, ಅಮ್ಮನನ್ನು ಕರೀರಿ ಅನ್ನು. ಯಾಕೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ, ಆಗಲೇ ಹೇಳಿಟ್ಟಿದ್ದೇನೆ. ಈ ವಾರ ನನಗೆ ರಾತ್ರಿ ಪಾಳಿ.

ನಿನ್ನ ಅಮ್ಮ