ಸೊನ್ನೆ ಬಿಲ್ಲಿನ ಮನೆಯ ಇಂಗಾಲದ ಲೆಕ್ಕ

ಮಾನ್ಯ ಸಂಪಾದಕರೆ,

ಪ್ರತಿ ತಿಂಗಳ ಮೊದಲ ವಾರ ಮೀಟರ್ ಓದಲು ಬರುವವರು ನಮ್ಮ ಗೇಟಿನ ಸಂದಿಗೆ ಸಿಕ್ಕಿಸಿ ಹೋಗುವ ವಿದ್ಯುತ್ ಬಿಲ್ಲನ್ನು 2023ರ ಆಗಸ್ಟ್‌ನಿಂದೀಚೆಗೆ ನಮ್ಮ ಮನೆಯಲ್ಲಿ ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಗೃಹಜ್ಯೋತಿ ಯೋಜನೆ ಬಂದ ಮೇಲೆ ಕಟ್ಟಬೇಕಾದ ಹಣದ ಜಾಗದಲ್ಲಿ ಸೊನ್ನೆ ಇರುತ್ತದೆ, ಸೊನ್ನೆ ಇರುವ ಚೀಟಿಯನ್ನು ಕನ್ನಡಕ ಹುಡುಕಿಕೊಂಡು ಓದುವವರು ಯಾರು? ಆದರೆ ಅದೇ ಚೀಟಿಯ ಮೇಲ್ಭಾಗದಲ್ಲಿ ಆ ತಿಂಗಳು ನಾವು ಬಳಸಿದ ಯೂನಿಟ್‌ಗಳ ಸಂಖ್ಯೆ ಮೊದಲಿನ ಹಾಗೆಯೇ ಅಚ್ಚಾಗಿರುತ್ತದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಹೋದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಆ ಸಂಖ್ಯೆಗಳನ್ನೂ ಗ್ಯಾಸ್, ಪೆಟ್ರೋಲ್‌ಗಳ ಲೆಕ್ಕವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ನಮ್ಮ ಐದು ಜನರ ಕುಟುಂಬದಿಂದ ವರ್ಷಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆಂದು ಕೂಡಿ ನೋಡಿದೆ. ಬಂದ ಉತ್ತರ ನಾನು ಎಣಿಸಿದಂತಿರಲಿಲ್ಲ. ಅದನ್ನು ತಮ್ಮ ಪತ್ರಿಕೆಯ ಓದುಗರ ಮುಂದಿಡಬೇಕೆಂದೂ, ಜೊತೆಗೆ ವಿದ್ಯುತ್ ಸರಬರಾಜು ನಿಗಮಕ್ಕೆ ಒಂದು ಕೋರಿಕೆ ಸಲ್ಲಿಸಬೇಕೆಂದೂ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಮೊಮ್ಮಗಳು ಮೊಬೈಲಿನಲ್ಲಿ ಸಿಗುವ ಒಂದು ಲೆಕ್ಕಯಂತ್ರವನ್ನು ತೆರೆದುಕೊಟ್ಟಳು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಎಷ್ಟು ಎಣ್ಣೆ ಉರಿಸುತ್ತೀರಿ, ಕಾರು ಎಷ್ಟು ಮೈಲಿ ಓಡುತ್ತದೆ ಎಂದೆಲ್ಲ ಕೇಳಿದ ಆ ಯಂತ್ರ, ಸಿಲಿಂಡರ್ ಎಷ್ಟು ದಿನ ಬರುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ. ಅದನ್ನು ಬದಿಗಿಟ್ಟು ಕೈಲೆಕ್ಕಕ್ಕೇ ಕುಳಿತೆವು. ಬೇಕಾದ ಗುಣಕಗಳು ಮೂರೇ ಮೂರು. ನಮ್ಮ ದೇಶದ ಗ್ರಿಡ್ಡಿನಿಂದ, ಅಂದರೆ ವಿದ್ಯುತ್ ಜಾಲದಿಂದ, ಬರುವ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.3 ಕಿಲೋ, 14.2 ಕಿಲೋ ತೂಕದ ಅಡುಗೆ ಅನಿಲದ ಒಂದು ಸಿಲಿಂಡರಿಗೆ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡ್. ಹದಿನಾಲ್ಕು ಕಿಲೋ ಉರಿಸಿದರೆ ನಲವತ್ತೆರಡು ಕಿಲೋ ಬರುವುದು ಹೇಗೆಂದು ಮೊಮ್ಮಗಳು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಉರಿಯುವಾಗ ಇಂಗಾಲವು ಗಾಳಿಯಲ್ಲಿರುವ ಆಮ್ಲಜನಕವನ್ನು ಸೇರಿಸಿಕೊಳ್ಳುವುದರಿಂದ 12 ಪಾಲು ಇಂಗಾಲ 44 ಪಾಲು ಡೈಆಕ್ಸೈಡ್ ಆಗುತ್ತದೆ. ಹೆಚ್ಚಾದ ತೂಕ ಗಾಳಿಯಿಂದ ಬಂದದ್ದು.

ನಮ್ಮ ಲೆಕ್ಕ ಹೀಗಿದೆ. ವಿದ್ಯುತ್ತು ಹನ್ನೆರಡು ತಿಂಗಳಿಗೆ 1,980 ಯೂನಿಟ್, ಅಂದರೆ 1,386 ಕಿಲೋ. ಸಿಲಿಂಡರ್ ಒಂಬತ್ತು, ಅಂದರೆ 378 ಕಿಲೋ. ಮಗನ ಕಾರು ಮತ್ತು ಸೊಸೆಯ ಸ್ಕೂಟರ್ ಸೇರಿ 570 ಲೀಟರ್ ಪೆಟ್ರೋಲ್, ಅಂದರೆ 1,311 ಕಿಲೋ. ಮಗ ಸೊಸೆ ಇಬ್ಬರೂ ಒಂದು ಮದುವೆಗೆಂದು ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಹೋಗಿ ಬಂದದ್ದಕ್ಕೆ ತಲೆಗೆ 300ರಂತೆ ಸುಮಾರು 600 ಕಿಲೋ. ಎಲ್ಲ ಕೂಡಿದರೆ 3,675 ಕಿಲೋ, ತಲಾ 735 ಕಿಲೋ. ಭಾರತದ ತಲಾ ಸರಾಸರಿ ಸುಮಾರು ಎರಡು ಟನ್ ಎಂದು ತಿಳಿದಾಗ ಮಗ ಬೀಗಿದನು, ಆದರೆ ಬೀಗುವಂಥದ್ದೇನೂ ಇಲ್ಲ. ಆ ಸರಾಸರಿಯಲ್ಲಿ ಸಿಮೆಂಟು, ಉಕ್ಕು, ಗೊಬ್ಬರ, ಲಾರಿ ಎಲ್ಲವೂ ಸೇರಿರುತ್ತವೆ. ನಮ್ಮ ನೋಟ್‌ಬುಕ್ಕಿನಲ್ಲಿರುವುದು ಮೀಟರ್, ಸಿಲಿಂಡರ್, ಪೆಟ್ರೋಲ್ ಚೀಟಿ ಮತ್ತು ಟಿಕೆಟ್ ಮಾತ್ರ.

ಈ ಮೊತ್ತದಲ್ಲಿ ಅಡುಗೆಮನೆಯ ಪಾಲು ಹತ್ತರಲ್ಲಿ ಒಂದು. ನಮ್ಮ ಮನೆಯಲ್ಲಿ ಸಿಲಿಂಡರ್ ಬದಲಿಸಿದ ದಿನವನ್ನು ಅಡುಗೆಮನೆಯ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುವ ಪದ್ಧತಿ ನಮ್ಮ ಅತ್ತೆಯವರ ಕಾಲದಿಂದ ಇದೆ. ಆದ್ದರಿಂದ ಇಡೀ ವರ್ಷದ ದಾಖಲೆಯಲ್ಲಿ ಅತ್ಯಂತ ಖಚಿತವಾಗಿ ಸಿಕ್ಕಿದ್ದು ಇದೊಂದೇ. ಮೂವತ್ತೆಂಟು ದಿನಕ್ಕೇ ಸಿಲಿಂಡರ್ ಖಾಲಿಯಾದರೆ ಯಾಕೆ, ಏನು ಎಂದು ವಿಚಾರಣೆ ನಡೆಯುತ್ತದೆ. ಬೇಳೆ ನೆನೆಸಿಡಿ, ಪಾತ್ರೆಗೆ ಮುಚ್ಚಳ ಮುಚ್ಚಿ, ಕುಕ್ಕರ್ ಬಳಸಿ ಎಂಬ ಉಪದೇಶವನ್ನು ಹೆಂಗಸರು ಐವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ, ಪಾಲಿಸುತ್ತಲೂ ಬಂದಿದ್ದಾರೆ. ಆದರೆ ಮಗ ಒಬ್ಬನೇ ಕಾರಿನಲ್ಲಿ ಬೆಂಗಳೂರಿಗೆ ಹೋಗಿ ಬಂದರೆ ಸುಮಾರು 290 ಕಿಲೋಮೀಟರಿಗೆ 19 ಲೀಟರ್ ಪೆಟ್ರೋಲ್ ಹಿಡಿಯುತ್ತದೆ, ಹೊರಬರುವುದು 44 ಕಿಲೋ. ಒಂದು ತಿಂಗಳಿಗೂ ಮೀರಿ ಐದು ಜನರಿಗೆ ಅಡುಗೆ ಮಾಡಿದ ಸಿಲಿಂಡರು, ಒಂದು ದಿನದ ಬೆಂಗಳೂರು ಓಡಾಟಕ್ಕೂ ಸಮನಾಗಲಿಲ್ಲ. ಆ ಓಡಾಟದ ಬಗ್ಗೆ ನಮ್ಮ ಮನೆಯಲ್ಲಿ ಇದುವರೆಗೆ ಯಾವ ವಿಚಾರಣೆಯೂ ನಡೆದಿರಲಿಲ್ಲ.

ಇನ್ನು ವಿದ್ಯುತ್ತು. ಮೈಸೂರು, ಮಂಡ್ಯದ ಹಿರಿಯರಲ್ಲಿ ನಮ್ಮ ಕರೆಂಟು ನೀರಿನ ಕರೆಂಟು, ಅದಕ್ಕೆ ಹೊಗೆಯಿಲ್ಲ ಎಂಬ ನಂಬಿಕೆ ಈಗಲೂ ಇದೆ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದ ನಾಡಿನವರಿಗೆ ಹಾಗನ್ನಿಸುವುದು ಸಹಜ. ಆದರೆ 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ಡು ಉಳಿದ ದೇಶದ ಗ್ರಿಡ್ಡಿನೊಂದಿಗೆ ಕೂಡಿಕೊಂಡ ಮೇಲೆ ನಮ್ಮ ನೀರು, ನಿಮ್ಮ ಕಲ್ಲಿದ್ದಲು ಎಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ. ಪಾವಗಡದ ಸೌರ ಪಾರ್ಕ್ ಹಗಲಿನಲ್ಲಿ ಎಷ್ಟೇ ಉತ್ಪಾದಿಸಿದರೂ ಮುಂಜಾನೆ ಐದೂವರೆಗೆ ನಾವು ಗೀಸರ್ ಹಾಕುವ ಹೊತ್ತಿಗೆ ಸೂರ್ಯ ಹುಟ್ಟಿರುವುದಿಲ್ಲ. ಆದ್ದರಿಂದಲೇ ದೇಶದ ಸರಾಸರಿಯಾದ 0.7ನ್ನು ಹಿಡಿದೆ.

1,980 ಯೂನಿಟ್ ಎಲ್ಲಿ ಹೋಯಿತೆಂದು ತಿಳಿಯಲು ನಾನು ಮಾಡಿದ್ದು ಖರ್ಚಿಲ್ಲದ ಕೆಲಸ. ನಮ್ಮ ಮೀಟರಿನಲ್ಲಿ ಸಾಸಿವೆಕಾಳಿನಷ್ಟು ಒಂದು ಕೆಂಪು ದೀಪವಿದೆ. ಅದು 3,200 ಬಾರಿ ಮಿನುಗಿದರೆ ಒಂದು ಯೂನಿಟ್ ಎಂದು ಪಕ್ಕದಲ್ಲೇ ಬರೆದಿದೆ. ಒಂದು ಬೆಳಿಗ್ಗೆ ಕೈಗಡಿಯಾರ ಹಿಡಿದು ಅದರ ಮುಂದೆ ನಿಂತೆ. ಗೀಸರ್ ಹಾಕಿದಾಗ ಎಣಿಸುವುದೇ ಕಷ್ಟವಾಗುವಷ್ಟು ಬಿರುಸಾಗಿ, ಸೆಕೆಂಡಿಗೆ ಎರಡರ ಹತ್ತಿರ ಮಿನುಗಿತು. ಫ್ರಿಜ್ ಮಾತ್ರ ಓಡುತ್ತಿದ್ದಾಗ ಹನ್ನೊಂದು ಸೆಕೆಂಡಿಗೊಮ್ಮೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ದೀಪ, ಫ್ಯಾನು ಆರಿಸಿ, ಫ್ರಿಜ್ಜನ್ನೂ ಒಂದು ಗಳಿಗೆ ನಿಲ್ಲಿಸಿ ನೋಡಿದರೂ ದೀಪ ಸುಮ್ಮನಾಗಲಿಲ್ಲ. ನಿಮಿಷಕ್ಕೊಮ್ಮೆ ಮಿನುಗುತ್ತಿತ್ತು. ಟಿವಿಯ ಸೆಟ್‌ಟಾಪ್ ಬಾಕ್ಸು ಮತ್ತು ವೈಫೈ ಡಬ್ಬಿ ಎರಡೂ ಎಚ್ಚರವಾಗಿದ್ದವು. ನಿಮಿಷಕ್ಕೊಂದು ಮಿನುಗು ಎಂದರೆ ವರ್ಷಕ್ಕೆ 5,25,600 ಮಿನುಗು, ಅಂದರೆ 164 ಯೂನಿಟ್. ನಮ್ಮ ತಿಂಗಳ ಸರಾಸರಿ ಬಳಕೆಯೇ 165. ಈ ಎರಡು ಡಬ್ಬಿಗಳಿಗಾಗಿ ವರ್ಷದಲ್ಲಿ ಒಂದು ಇಡೀ ತಿಂಗಳ ವಿದ್ಯುತ್ತು ಹೋಗುತ್ತಿತ್ತು.

ಆದರೂ ದೊಡ್ಡ ಪಾಲು ಬಚ್ಚಲುಮನೆಯದೇ. ಇಪ್ಪತ್ತು ಲೀಟರ್ ನೀರನ್ನು ಇಪ್ಪತ್ತು ಡಿಗ್ರಿ ಬಿಸಿ ಮಾಡಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. ಇದಕ್ಕೆ ಯಾವ ಕಂಪನಿಯ ಗೀಸರಾದರೂ ಒಂದೇ. ದಿನಕ್ಕೆ ನಾಲ್ಕು ಬಕೆಟ್ ಎಂದರೆ ವರ್ಷಕ್ಕೆ 730 ಯೂನಿಟ್, 511 ಕಿಲೋ, ಒಂಬತ್ತೂ ಸಿಲಿಂಡರುಗಳನ್ನು ಮೀರಿದ್ದು. ಇಲ್ಲಿ ನನ್ನದೇ ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಇದ್ದೇ ಇತ್ತು. ಬೋರ್‌ವೆಲ್ಲಿನ ಗಡಸು ನೀರಿನಿಂದ ಕೊಳವೆಗಳಲ್ಲಿ ಉಪ್ಪು ಕಟ್ಟಿ ಕೊರೊನಾ ಸಮಯದಲ್ಲಿ ಕೆಟ್ಟಿತ್ತು. ಸರಿ ಮಾಡಿಸೋಣ ಎಂದುಕೊಳ್ಳುವಷ್ಟರಲ್ಲಿ ವಿದ್ಯುತ್ತು ಉಚಿತವಾಯಿತು, ರಿಪೇರಿ ಅಲ್ಲಿಗೇ ನಿಂತಿತು. ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಗೃಹಜ್ಯೋತಿಯಲ್ಲಿ ಒಂದು ಮನೆಗೆ ಸಿಗುವ ಉಚಿತ ಯೂನಿಟ್‌ಗಳನ್ನು 2022–23ರ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ ನಿಗದಿ ಮಾಡಲಾಯಿತು. ಆ ವರ್ಷ ನಮ್ಮ ಸೋಲಾರ್ ಕೆಟ್ಟಿದ್ದರಿಂದ ನಮ್ಮ ಪಾಲು ಹೆಚ್ಚಾಯಿತು. ಸೋಲಾರನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡಿದ್ದ ಪಕ್ಕದ ಮನೆಯವರಿಗೆ ಕಡಿಮೆ ಬಂತು. ಬಡವರ ಮನೆಗೆ ಬೆಳಕು ಉಚಿತವಾಗಿ ಸಿಗಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ, ಅಂಥ ಮನೆಗಳ ಇಂಗಾಲದ ಲೆಕ್ಕವೂ ನಮ್ಮದರ ಒಂದು ಮೂಲೆಗೆ ಬಾರದು. ನನ್ನ ತಕರಾರು, ಮಿತಿಯೊಳಗೆ 180 ಯೂನಿಟ್ ಸುಟ್ಟರೂ ಸೊನ್ನೆ, 80 ಸುಟ್ಟರೂ ಸೊನ್ನೆ ಎಂದಾದಾಗ ಉಳಿಸಿದವರಿಗೆ ತಾವು ಉಳಿಸಿದೆವೆಂಬ ಸುದ್ದಿಯೂ ತಲುಪುವುದಿಲ್ಲ ಎಂಬುದು. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್‌ನ ಸೌರ ಫಲಕಕ್ಕೆ 78,000 ರೂಪಾಯಿ ಸಹಾಯಧನ ಇದ್ದರೂ, ಸೊನ್ನೆ ಬಿಲ್ಲಿನ ಮನೆಯವರು ಯಾವ ಬಿಲ್ಲನ್ನು ಇಳಿಸಲೆಂದು ಅದಕ್ಕೆ ಕೈ ಹಾಕಿಯಾರು?

ಏಪ್ರಿಲ್‌ನಲ್ಲಿ ಸೋಲಾರಿನ ಕೊಳವೆಗಳನ್ನು ಶುಚಿ ಮಾಡಿಸಿ, ಅದಕ್ಕೆ ಕಾವೇರಿ ನೀರಿನ ಸಂಪರ್ಕ ಕೊಡಿಸಿದೆವು. ಆಷಾಢ, ಶ್ರಾವಣದ ಮೋಡದ ದಿನಗಳನ್ನು ಬಿಟ್ಟರೆ ಗೀಸರಿನ ಸ್ವಿಚ್ ಮುಟ್ಟಿಲ್ಲ. ಸೆಟ್‌ಟಾಪ್ ಬಾಕ್ಸಿನ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸಿ ಮಲಗುತ್ತೇವೆ. ಆರು ತಿಂಗಳ ಸರಾಸರಿ 165ರಿಂದ 118 ಯೂನಿಟ್ಟಿಗೆ ಇಳಿದಿದೆ. ಬಿಲ್ಲು ಮಾತ್ರ ಆಗಲೂ ಸೊನ್ನೆ, ಈಗಲೂ ಸೊನ್ನೆ.

ಪೆಟ್ರೋಲಿನ ವಿಷಯದಲ್ಲಿ ಮಗನೊಂದಿಗೆ ವಾದ ಇನ್ನೂ ಮುಗಿದಿಲ್ಲ. ಮೈಸೂರು–ಬೆಂಗಳೂರು ಮಾರ್ಗ ವಿದ್ಯುದೀಕರಣಗೊಂಡ ಜೋಡಿ ಹಳಿಯ ಮಾರ್ಗವಾಗಿರುವುದರಿಂದ ರೈಲಿನಲ್ಲಿ ಒಬ್ಬರು ಹೋಗಿ ಬಂದರೆ ಬೀಳುವ ಪಾಲು ಒಂಟಿ ಕಾರಿನ ಹತ್ತರಲ್ಲಿ ಒಂದರಷ್ಟೂ ಇಲ್ಲ. ಆದರೆ ನಾಲ್ಕು ಜನ ತುಂಬಿಕೊಂಡು ಹೋದರೆ ತಲೆಗೆ 11 ಕಿಲೋ ಮಾತ್ರ ಎಂಬ ಅವನ ಮಾತೂ ಸುಳ್ಳಲ್ಲ. ಹಾಗಾಗಿ ಒಬ್ಬನೇ ಹೋಗುವಾಗ ರೈಲು, ಎಲ್ಲರೂ ಹೊರಟಾಗ ಕಾರು ಎಂಬ ರಾಜಿಗೆ ಬಂದಿದ್ದೇವೆ. ಹತ್ತು ಪಥದ ಹೆದ್ದಾರಿ ಮನೆ ಬಾಗಿಲಿಗೇ ಬಂದಂತಿರುವಾಗ ಇಷ್ಟಾದರೂ ಒಪ್ಪಿದ್ದು ದೊಡ್ಡದು.

ಎಸಿ ನಮ್ಮಲ್ಲಿಲ್ಲ. ಇರುವವರು ಒಂದು ಸಂಗತಿಯನ್ನು ಗಮನಿಸಬೇಕು. ಬೇಸಿಗೆ ಬಂದಾಗಲೆಲ್ಲ ‘ಗ್ಯಾಸ್ ತುಂಬಿಸಬೇಕು ಮೇಡಂ’ ಎಂದು ಮೆಕ್ಯಾನಿಕ್ ಹೇಳಿದರೆ, ಹಿಂದೆ ತುಂಬಿಸಿದ್ದು ಸೋರಿಹೋಗಿದೆ ಎಂದೇ ಅರ್ಥ, ಏಕೆಂದರೆ ಅದು ಬಳಸಿ ಮುಗಿಯುವ ವಸ್ತುವಲ್ಲ. ಈಗಲೂ ಎಷ್ಟೋ ಯಂತ್ರಗಳಲ್ಲಿರುವ ಆರ್-410ಎ ಎಂಬ ಅನಿಲ ಒಂದು ಕಿಲೋ ಸೋರಿದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಎರಡು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಅದು ನಮ್ಮ ಮನೆಯ ಇಡೀ ವರ್ಷದ ವಿದ್ಯುತ್ತನ್ನು ಮೀರಿಸುತ್ತದೆ. ಸೋರಿಕೆ ಎಲ್ಲಿದೆಯೆಂದು ಹುಡುಕಿ ಬೆಸುಗೆ ಹಾಕದೆ ಮತ್ತೆ ತುಂಬಿಸಲು ಬಿಡಬಾರದು. ಹೊಸದಾಗಿ ಕೊಳ್ಳುವವರು ಆರ್-32 ಇರುವುದನ್ನು ಕೇಳಿ ಪಡೆದರೆ ಆ ಹೊರೆ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಊಟದ ಲೆಕ್ಕವನ್ನು ಬೇಕೆಂದೇ ಸೇರಿಸಿಲ್ಲ. ನನ್ನ ತವರು ಪಾಂಡವಪುರದ ಕಡೆಯದು, ನಾಲೆಯ ನೀರಿನ ಭತ್ತದ ಗದ್ದೆ. ಗದ್ದೆಯಲ್ಲಿ ನೀರು ನಿಂತು ಮಣ್ಣಿಗೆ ಗಾಳಿಯಾಡದಿದ್ದಾಗ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಹುಟ್ಟುತ್ತದೆ, ನಡುನಡುವೆ ಗದ್ದೆ ಆರಿದರೆ ಅದು ಕಡಿಮೆಯಾಗುತ್ತದೆ. ಹೀಗಾಗಿ ಅಂಗಡಿಯಲ್ಲಿ ಒಂದೇ ಬೆಲೆಗೆ ಸಿಗುವ ಎರಡು ಗದ್ದೆಗಳ ಅಕ್ಕಿಯ ಹಿಂದೆ ಎರಡು ಬೇರೆ ಲೆಕ್ಕಗಳಿರುತ್ತವೆ. ಮಳೆಗೆ ಬೆಳೆಯುವ ರಾಗಿಗೆ ನಿಂತ ನೀರಿನ ಈ ಬಾಧೆ ಇಲ್ಲ. ರಾತ್ರಿ ಮುದ್ದೆ ಉಣ್ಣುವ ಮಂಡ್ಯದ ಮನೆಗಳು ಗೊತ್ತಿಲ್ಲದೆಯೇ ಇಲ್ಲಿ ನಮಗಿಂತ ಮುಂದಿವೆ. ಹಸಿ ಕಸವೂ ರಾಶಿಯಾಗಿ ಬಿದ್ದು ಗಾಳಿಯಾಡದೆ ಕೊಳೆತರೆ ಅದೇ ಮೀಥೇನ್, ಕುಂಡದಲ್ಲಿ ಒಣ ಎಲೆಯೊಂದಿಗೆ ಬೆರೆಸಿದರೆ ಗೊಬ್ಬರ.

ನಿಗಮಕ್ಕೆ ನನ್ನ ಕೋರಿಕೆ ಇಷ್ಟೇ. ಬಿಲ್ಲಿನ ಮೇಲೆ ಆ ತಿಂಗಳ ಯೂನಿಟ್‌ಗಳ ಜೊತೆಗೆ ಹಿಂದಿನ ಹನ್ನೆರಡು ತಿಂಗಳ ಒಟ್ಟು ಯೂನಿಟ್, ಅದರ ಹಿಂದಿನ ಹನ್ನೆರಡು ತಿಂಗಳ ಒಟ್ಟು, ಮತ್ತು ಮೊದಲನೆಯ ಒಟ್ಟನ್ನು 0.7ರಿಂದ ಗುಣಿಸಿದ ಕಿಲೋ ಲೆಕ್ಕ, ಈ ಮೂರು ಸಾಲುಗಳನ್ನು ಅಚ್ಚುಮಾಡಲಿ. ಪ್ರತಿ ಸಂಪರ್ಕಕ್ಕೂ ಕೊಟ್ಟಿರುವ ಆರ್‌ಆರ್ ಸಂಖ್ಯೆಯೊಂದಿಗೆ ಈ ಮಾಹಿತಿ ನಿಗಮದ ಗಣಕದಲ್ಲಿ ಈಗಾಗಲೇ ಇರುವುದರಿಂದ ಹೊಸದಾಗಿ ಏನನ್ನೂ ಅಳೆಯಬೇಕಾಗಿಲ್ಲ. ಹಳೆಯ ಬಿಲ್ಲುಗಳನ್ನು ಎತ್ತಿಟ್ಟುಕೊಂಡು ಗ್ರಾಹಕರೇ ಕೂಡಿಕೊಳ್ಳಲಿ ಎನ್ನುವಂತಿಲ್ಲ. ಬಿಸಿಗೆ ಅಚ್ಚಾಗುವ ಆ ನುಣುಪು ಕಾಗದದ ಅಕ್ಷರಗಳು ಆರು ತಿಂಗಳಲ್ಲಿ ಮಾಸಿಹೋಗುತ್ತವೆ. ನಾನು ಮೊಳೆಗೆ ಚುಚ್ಚಿಟ್ಟಿದ್ದ ಹೋದ ವರ್ಷದ ಏಪ್ರಿಲ್ ಬಿಲ್ಲಿನಲ್ಲಿ ಈಗ ಉಳಿದಿರುವುದು ನಿಗಮದ ಲಾಂಛನ ಮತ್ತು ಮೊಳೆ ಮಾಡಿದ ತೂತು ಮಾತ್ರ.

ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ
ಕುವೆಂಪುನಗರ, ಮೈಸೂರು